ಸೂರು ನೋಡುತ್ತಿದ್ದ ಮುನಿರಾಜಣ್ಣ

ನಾಟಕಕ್ಕೆ ಬಂದರೆ ಮುನಿರಾಜಣ್ಣ ವೇದಿಕೆ ನೋಡುತ್ತಿರಲಿಲ್ಲ, ಸೂರು ನೋಡುತ್ತಿದ್ದರು. ಬಾಗಿಲ ಪಕ್ಕ ಗೋಡೆಗೂ ಒರಗದೆ ನಿಂತು, ಒಂದು ಕೈಯನ್ನು ಚಿಲಕದ ಮೇಲಿಟ್ಟು, ಕತ್ತೆತ್ತಿ ಮೂಲೆಮೂಲೆ ಹುಡುಕುವರು. ಕುರ್ಚಿ ಖಾಲಿ ಇದೆ ಬನ್ನಿ ಎಂದರೆ, "ಬ್ಯಾಡ ಮೇಡಂ, ಇಲ್ಲೇ ಗಾಳಿ ಬರ್ತದೆ" ಅನ್ನುವರು. ಗಾಳಿಯ ಮಾತು ಸುಳ್ಳು. ಅವರಿಗೆ ಹೆದರಿಕೆ. ಲಿಫ್ಟು ಹತ್ತಲು ಹೆದರಿಕೆ, ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತರೆ ಹೆದರಿಕೆ, ಫೋನು ಎರಡು ಸಲ ಹೊಡೆದುಕೊಂಡು ನಿಂತರೆ ಹೆದರಿಕೆ. ನಾನು ಕಂಡವರಲ್ಲಿ ಅಷ್ಟು ಹೆದರುವ ಮನುಷ್ಯ ಇನ್ನೊಬ್ಬರಿಲ್ಲ. ನಮ್ಮ ತಂಡದವರು ಬೆನ್ನ ಹಿಂದೆ ಅವರನ್ನು 'ಪುಕ್ಕಲಣ್ಣ' ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಯಲಹಂಕದ ಕಡೆಯ ಹಳೇ ಊರಿನವರು. ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಆಮೇಲೆ ಯಾರೂ ಕೇಳದೆ ತಾವೇ ಒಂದು ಕೆಲಸ ಹಚ್ಚಿಕೊಂಡರು. ನಗರದ ಉತ್ತರಕ್ಕಿರುವ ನಮ್ಮಂಥ ಸಣ್ಣಪುಟ್ಟ ನಾಟಕ ತಂಡಗಳಿಗೆ ಯಾವ ಹಾಲ್ ಯಾವತ್ತು ಖಾಲಿ, ಯಾವ ನಾಟಕ ಯಾವಾಗ ಶುರು, ಯಾವುದರ ಕೊನೇ ಪ್ರದರ್ಶನ ಯಾವತ್ತು, ಯಾವ ಹಾಲ್ ಸುಣ್ಣಬಣ್ಣಕ್ಕೆ ಮುಚ್ಚಿದೆ, ಎಲ್ಲವನ್ನೂ ವಿಚಾರಿಸಿ ತಿಳಿಸುವುದು. ದಿನಾ ಬೆಳಗ್ಗೆ ಕಾಫಿ ಕುಡಿದು ಒಂದೊಂದೇ ಹಾಲಿಗೆ ಫೋನ್ ಮಾಡುವರು. ತಿಂಗಳ ಕೊನೆಗೆ ಉದ್ದನೆಯ ಹಾಳೆಯಲ್ಲಿ ಗುಂಡಗೆ ಬರೆದು ಅದರ ಫೋಟೋ ನಮಗೆಲ್ಲ ಕಳಿಸುವರು. ಹಾಲಿನ ಹೆಸರು, ತಾರೀಕು, ಅದರ ಮುಂದೆ 'ಖಾಲಿ', 'ಭರ್ತಿ' ಅಥವಾ 'ಅನುಮಾನ'. ಅವರ ಹಾಳೆಯಲ್ಲಿ ಅನುಮಾನವೇ ಜಾಸ್ತಿ.

"ಅದೇನ್ ಮುನಿರಾಜಣ್ಣ, ಅವರು ಖಾಲಿ ಇದೆ ಅಂದ್ರೂ ಅನುಮಾನ ಅಂತ ಹಾಕಿದೀರ?" ಎಂದು ಒಮ್ಮೆ ಕೇಳಿದೆ.

"ಏಳಿದ್ರು. ಆದ್ರೆ ಏಳೋವಾಗ ಒಂಚೂರು ತಡೆದ್ರು ಮೇಡಂ. ನಂಗೆ ಎದ್ರಿಕೆ ಆಯ್ತು."

ಆ ಹೆದರಿಕೆಯೇ ಒಮ್ಮೆ ನಮ್ಮನ್ನು ಕಾಪಾಡಿತ್ತು. ಆರ್.ಟಿ. ನಗರದ ಒಂದು ಸಮುದಾಯ ಭವನದಲ್ಲಿ ನಮ್ಮ ನಾಟಕ ನಿಗದಿಯಾಗಿತ್ತು. ಮೂರು ದಿನ ಮುಂಚೆ, ಸುಮ್ಮನೆ ಸಮಾಧಾನಕ್ಕೆಂದು ಮುನಿರಾಜಣ್ಣ ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋದರೆ, ಭವನದವರು ನಮ್ಮ ನಾಟಕದ ಸಂಜೆಗೇ ಯಾರದೋ ನಾಮಕರಣಕ್ಕೂ ಒಪ್ಪಿಕೊಂಡಿದ್ದು, ಅಡುಗೆಯವರು ಒಲೆಗೆ ಜಾಗ ಅಳೆಯುತ್ತಿದ್ದರಂತೆ. ಇವರು ಗೇಟಿನಲ್ಲೇ ನಿಂತು ನನಗೆ ಫೋನ್ ಮಾಡಿದರು. ಸಂಜೆಯೊಳಗೆ ಬೇರೆ ಹಾಲ್ ಹುಡುಕಿ ಕೊಟ್ಟವರೂ ಅವರೇ.

ಆ ವರ್ಷ ಬೇಸಿಗೆ ರಜೆಗೆ ನಾನು ಇಪ್ಪತ್ತೆರಡು ಮಕ್ಕಳನ್ನು ಕಟ್ಟಿಕೊಂಡು ಒಂದು ನಾಟಕ ಮಾಡಿಸಿದೆ. ನನ್ನ ಮಗಳು ಇಂಚರಳೂ ಅದರಲ್ಲಿದ್ದಳು. ಮೊದಲ ಪ್ರದರ್ಶನಕ್ಕೆ ನಗರದಂಚಿನ ಸಿಂಗಾಪುರ ಹಳ್ಳಿಯ ಬಳಿಯ ಒಂದು ಹಳೇ ಹಾಲ್ ಗೊತ್ತು ಮಾಡಿದ್ದೆವು. ಹಿಂದೆ ಅದು ಧಾನ್ಯದ ಗೋದಾಮು. ಮಾಲೀಕ ಕೃಷ್ಣಪ್ಪ ಮುನಿರಾಜಣ್ಣನ ಹೆಂಡತಿ ಜಯಮ್ಮನ ಸ್ವಂತ ತಮ್ಮ. ಊರ ಜಮೀನು ಲೇಔಟ್ ಆದಮೇಲೆ ಕಟ್ಟಡಗಳ ವ್ಯವಹಾರಕ್ಕಿಳಿದಿದ್ದ. ಗೋದಾಮಿನ ಸೂರಿನ ಕೆಳಗೆ ಹಲಗೆಯ ಸೀಲಿಂಗ್ ಹೊಡೆಸಿ, ವೇದಿಕೆ ಕಟ್ಟಿಸಿ, ಬಣ್ಣ ಬಳಿಸಿದ್ದ.

ಪ್ರದರ್ಶನಕ್ಕೆ ಹತ್ತು ದಿನವಿರುವಾಗ ಮುನಿರಾಜಣ್ಣನ ಹಾಳೆ ಬಂತು. ಆ ಹಾಲಿನ ಮುಂದೆ, ಯಾವತ್ತೂ ಬರೆಯದ ಒಂದು ಮಾತು ಬರೆದಿದ್ದರು: 'ಬೇಡ'.

ನನಗೆ ಸಿಟ್ಟು ಬಂತು. ಫೋನ್ ಮಾಡಿ, "ಕಾರ್ಡು ಹಂಚಿ ಆಗಿದೆ, ಈಗ ಬೇಡ ಅಂದ್ರೆ ಹೇಗೆ ಮುನಿರಾಜಣ್ಣ?" ಎಂದು ಜೋರು ಮಾಡಿದೆ. ಅವರು ವಾದ ಮಾಡಲಿಲ್ಲ. "ನೀವೇ ಒಂದ್ಸಲ ಬನ್ನಿ, ತೋರಿಸ್ತೀನಿ" ಎಂದರು.

ಮಾರನೆಯ ದಿನ ಮಧ್ಯಾಹ್ನ ಹೋದೆ. ವೇದಿಕೆಯ ಹಿಂದೆ ಗೋಡೆಗೆ ಒರಗಿಸಿದ ಕಬ್ಬಿಣದ ಏಣಿ. ಎತ್ತರಕ್ಕೆ ಹೆದರುವ ಮನುಷ್ಯ ನನಗಿಂತ ಮುಂಚೆ ಹತ್ತಿದರು. ಅವರ ಕಾಲು ನಡುಗಿದ್ದಕ್ಕೆ ಏಣಿಯೆಲ್ಲ ನಡುಗಿ ನನ್ನ ಕೈಗೆ ತಾಕುತ್ತಿತ್ತು. ಸೀಲಿಂಗಿನ ಮೇಲೆ ಕತ್ತಲು, ಇಲಿಯ ವಾಸನೆ, ಸೆಕೆ. ಮೊಬೈಲಿನ ಬೆಳಕು ಹಿಡಿದೆ. ವೇದಿಕೆಯ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ದಪ್ಪ ಮರದ ತೊಲೆ. ದೀಪಗಳನ್ನು ನೇತುಹಾಕುವ ಕಬ್ಬಿಣದ ಪೈಪನ್ನು ಆ ತೊಲೆಗೇ ಬಿಗಿದಿದ್ದರು. ತೊಲೆಯ ಉದ್ದಕ್ಕೂ ಗೆದ್ದಲಿನ ಮಣ್ಣಿನ ದಾರಿ. ಮುನಿರಾಜಣ್ಣ ಜೇಬಿನಿಂದ ಕರೆಂಟು ನೋಡುವ ಟೆಸ್ಟರ್ ತೆಗೆದು ತೊಲೆಗೆ ಚುಚ್ಚಿದರು. ಬಿಸಿ ಮುದ್ದೆಗೆ ಬೆರಳಿಟ್ಟ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು.

"ಕಿವಿ ಇಡಿ" ಅಂದರು.

ಇಟ್ಟೆ. ಸಣ್ಣಗೆ, ಯಾರೋ ಹಲ್ಲು ಕಡಿಯುತ್ತಿರುವ ಹಾಗೆ ಸದ್ದು.

ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಕೆಳಗೆ ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿ ಮುನಿರಾಜಣ್ಣ ಹೇಳಿದರು. "ನಮ್ಮೂರಲ್ಲಿ ನಾಟಕ ಆಡಿದ್ರು ಮೇಡಂ. ನಾನು ಪರದೆ ಇಂದೆ ಮಾತು ಏಳ್ಕೊಡ್ತಿದ್ದೆ. ಚಪ್ಪರದ ಕಂಬ ಕಿರ್ ಅಂದಿದ್ದು ನಂಗೊಬ್ಬನಿಗೇ ಕೇಳಿಸ್ತು. ನಾಟಕ ನಿಲ್ಸಿದ್ರೆ ಮೇಷ್ಟ್ರು ಬೈತಾರೆ ಅಂತ ಸುಮ್ಕಿದ್ದೆ. ನಮ್ ಚಿಕ್ಕವ್ವ ಮುಂದೇನೇ ಕೂತಿದ್ಲು. ಕಂಬ ಅವಳ ಮೇಲೇ ಬಿತ್ತು, ಎತ್ತೋದ್ರಲ್ಲಿ ಓಗ್ಬಿಟ್ಟಿದ್ಲು."

ನಾನು ಹೇಗೆ ಕೆಳಗಿಳಿದೆನೋ ಗೊತ್ತಿಲ್ಲ. ನಾಟಕವನ್ನು ಸಂಜಯನಗರದ ಶಾಲೆಯೊಂದರ ಅಂಗಳಕ್ಕೆ ವರ್ಗಾಯಿಸಿದೆ. ಕೃಷ್ಣಪ್ಪ ತನ್ನ ಮೇಸ್ತ್ರಿಯನ್ನು ಹತ್ತಿಸಿ ನೋಡಿಸಿದನಂತೆ. ಹೊರಗೆ ಮಾತ್ರ ಗೆದ್ದಲು ತಿಂದಿದೆ, ಒಳಗೆ ತಿರುಳು ಗಟ್ಟಿಯಾಗಿದೆ, ಟೆಸ್ಟರ್ ಮಹಾ ಎಷ್ಟು ಆಳ ಹೋದೀತು ಎಂದು ಮೇಸ್ತ್ರಿ ಹೇಳಿದನಂತೆ. ನಮ್ಮ ಪಾಲಿಗೆ ಮುಗಿಯಿತಲ್ಲ ಎಂದು ನಾನು ಸುಮ್ಮನಾದೆ.

ಮುನಿರಾಜಣ್ಣ ಸುಮ್ಮನಾಗಲಿಲ್ಲ. ಎಂದಿನಂತೆ ಹಾಲುಗಳಿಗೆ ಫೋನ್ ಮಾಡುತ್ತಲೇ ಇದ್ದರು. ಮುಂದಿನ ತಿಂಗಳ ಒಂದು ಭಾನುವಾರ ಬೆಳಗ್ಗೆ ನನಗೆ ಅವರ ಫೋನ್. "ಮೇಡಂ, ಇವತ್ತು ನಮ್ ಬಾಮೈದ ಆಲ್ ಕೊಟ್ಬಿಟ್ಟವ್ನೆ. ಶಿಶುವಿಹಾರದ ಮಕ್ಕಳ ಫಂಕ್ಷನ್ನು. ಅತ್ತು ಗಂಟೆಗೆ. ನಾನೊಬ್ನೇ ಏಳಿದ್ರೆ ಯಾರೂ ಕೇಳಾಕಿಲ್ಲ. ಬನ್ನಿ."

ಆಟೋ ಹಿಡಿದು ಹೊರಟೆ. ಹೋಗುವಷ್ಟರಲ್ಲಿ ಹಾಲ್ ತುಂಬಿತ್ತು. ಬೆನ್ನಿಗೆ ಕಾಗದದ ರೆಕ್ಕೆ ಕಟ್ಟಿಕೊಂಡ ಪುಟಾಣಿಗಳು ವೇದಿಕೆಯ ಪಕ್ಕ ಸಾಲಾಗಿ ನಿಂತಿದ್ದವು. ಬಾಗಿಲಲ್ಲಿ ಮುನಿರಾಜಣ್ಣ, ಅಂಗಿಯೆಲ್ಲ ಬೆವರು. ಎದುರಿಗೆ ಕೃಷ್ಣಪ್ಪ.

"ಭಾವ, ಮನೇಗೆ ಹೋಗಿ. ಜನರ ಮುಂದೆ ನನ್ ಮಾನ ತೆಗೀಬೇಡಿ."

"ಕಿಟ್ಟಪ್ಪ, ಮಕ್ಕಳು ಕಣಪ್ಪ. ಈಚೆ ಕರ್ಸು. ನಿನ್ ಕಾಲಿಗ್ ಬೀಳ್ತೀನಿ."

ಹೇಳಿದ್ದಷ್ಟೇ ಅಲ್ಲ, ಹೆಣ್ಣು ತಂದ ಮನೆಯ ಕಿರಿಯನ ಕಾಲಿಗೆ ನಿಜಕ್ಕೂ ಬಿದ್ದರು. ಕೃಷ್ಣಪ್ಪ ಬೆಂಕಿ ತುಳಿದವನಂತೆ ಹಿಂದೆ ಸರಿದ. "ಇವರಿಗೆ ತಲೆ ಕೆಟ್ಟಿದೆ, ನೀವು ಶುರು ಮಾಡಿ ಮೇಡಂ" ಎಂದು ಶಿಶುವಿಹಾರದ ಶಿಕ್ಷಕಿಗೆ ಹೇಳಿದ. ನಾನೂ ಮುಂದೆ ಹೋಗಿ ಆ ಶಿಕ್ಷಕಿಗೆ ತೊಲೆಯ ವಿಷಯ ಹೇಳಿದೆ. ಆಕೆ ನನ್ನನ್ನೂ ಅವರನ್ನೂ ನೋಡಿ, "ಮಾಲೀಕರೇ ಏನಿಲ್ಲ ಅಂತಿದಾರಲ್ಲ" ಎಂದರು.

ಆಗ ಮುನಿರಾಜಣ್ಣ ಎದ್ದರು. ಕುರ್ಚಿಗಳ ನಡುವೆ ನೆಟ್ಟಗೆ ನಡೆದು, ಮೆಟ್ಟಿಲು ಹತ್ತಿ, ವೇದಿಕೆಯ ನಟ್ಟನಡುವೆ, ಸರಿಯಾಗಿ ಆ ತೊಲೆಯ ಕೆಳಗೆ ಹೋಗಿ ಕೂತುಬಿಟ್ಟರು. ಕಣ್ಣು ಮುಚ್ಚಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ಮೈಯೆಲ್ಲ ಜ್ವರ ಬಂದವರಂತೆ ಅದುರುತ್ತಿತ್ತು.

ಹಾಲಿನಲ್ಲಿ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಮುಂದಿನ ಸಾಲಿನ ಒಬ್ಬ ತಾಯಿ ನಿಧಾನವಾಗಿ ತಲೆ ಎತ್ತಿ ಮೇಲೆ ನೋಡಿದಳು. ಅವಳನ್ನು ನೋಡಿ ಪಕ್ಕದವಳು. ನೋಡನೋಡುತ್ತ ಇಡೀ ಹಾಲ್ ಕತ್ತೆತ್ತಿತ್ತು. ಆ ತಾಯಿ ಎದ್ದು ಹೋಗಿ ತನ್ನ ಮಗುವನ್ನು ಎತ್ತಿಕೊಂಡು ಹೊರಗೆ ನಡೆದಳು. ಯಾರೂ ಕೂಗಲಿಲ್ಲ, ಓಡಲಿಲ್ಲ. ಐದು ನಿಮಿಷದಲ್ಲಿ ಹಾಲ್ ಖಾಲಿಯಾಯಿತು. ಹೊರಗೆ ಬೇವಿನ ಮರದ ಕೆಳಗೆ ಮಕ್ಕಳ ಹಾಡು ಶುರುವಾಯಿತು.

ಒಳಗೆ ಉಳಿದವರು ನಾವಿಬ್ಬರೇ. "ಎದ್ದು ಬನ್ನಿ ಮುನಿರಾಜಣ್ಣ, ಎಲ್ಲ ಹೋದ್ರು" ಎಂದೆ.

"ಕಾಲು ಬರ್ತಾ ಇಲ್ಲ ಮೇಡಂ."

ನಾನಿದ್ದದ್ದು ವೇದಿಕೆಯ ಅಂಚಿನಲ್ಲಿ. ಅವರವರೆಗೆ ಎಂಟು ಹೆಜ್ಜೆ ಇದ್ದೀತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಎಂಟು ಹೆಜ್ಜೆ ಇಡಲು ನನಗೆ ಆಗಲಿಲ್ಲ. ಇಂಚರಳ ಮುಖ ಕಣ್ಣ ಮುಂದೆ ಬಂತು. ಹೊರಗೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವವರೆಗೂ ನಿಂತೇ ಇದ್ದೆ. ಕೊನೆಗೆ ಹಲ್ಲು ಕಚ್ಚಿ ಓಡಿಹೋಗಿ, ಅವರ ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬಂದೆ. ಇಬ್ಬರೂ ಬಾಗಿಲಾಚೆ ಮಣ್ಣಿನಲ್ಲಿ ಕುಸಿದು ಕೂತೆವು.

ತೊಲೆ ಬೀಳಲಿಲ್ಲ. ಅವತ್ತೂ ಇಲ್ಲ, ಮಾರನೆಯ ದಿನವೂ ಇಲ್ಲ. ಸುದ್ದಿ ಹಬ್ಬಿ ಆ ಹಾಲಿಗೆ ಯಾರೂ ಹೋಗದಂತಾಯಿತು. ಕೃಷ್ಣಪ್ಪ ಅಕ್ಕನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಜಯಮ್ಮ ಗಂಡನೊಂದಿಗೆ ಮಾತು ಬಿಟ್ಟು, ಊಟದ ತಟ್ಟೆಯನ್ನು ಸದ್ದಾಗುವಂತೆ ಇಡುತ್ತಿದ್ದರಂತೆ. ವರ್ಷ ಕಳೆಯುವಷ್ಟರಲ್ಲಿ ಹಾಲನ್ನು ಕೆಡವಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆದರು. ವಿಷಯ ತಿಳಿದು ನಾನು ಓಡಿಹೋಗಿ ಅಲ್ಲಿನ ಕೆಲಸದವನನ್ನು ಕೇಳಿದೆ, ವೇದಿಕೆ ಮೇಲಿನ ತೊಲೆ ಹೇಗಿತ್ತಪ್ಪ ಎಂದು. "ಯಾವ ತೊಲೆ ಅಮ್ಮ? ಜೆಸಿಬಿ ಬಂತು, ಒಂದೇ ದಿನಕ್ಕೆ ಎಲ್ಲಾ ಲಾರಿಗೆ ತುಂಬಿಸಿದ್ವಿ" ಎಂದ.

ಮುನಿರಾಜಣ್ಣ ಹೋದದ್ದು ಕಳೆದ ಆಷಾಢದಲ್ಲಿ, ಮನೆಯಲ್ಲೇ, ಮಲಗಿದ್ದ ಹಾಗೆಯೇ. ಅದಕ್ಕೆ ಎರಡು ತಿಂಗಳು ಮುಂಚೆ ತಣಿಸಂದ್ರದ ಹೊಸ ಸಭಾಂಗಣವೊಂದರ ಹತ್ತಿರ ಸಿಕ್ಕಿದ್ದರು. ಬಡವಾಗಿದ್ದರು. ಬಸ್ ಸ್ಟಾಪಿನವರೆಗೆ ಜೊತೆಗೇ ನಡೆದೆವು. ಬಸ್ಸು ದೂರದಲ್ಲಿ ಕಂಡಾಗ ಥಟ್ಟನೆ ನನ್ನ ಕಡೆ ತಿರುಗಿದರು.

"ಮೇಡಂ, ಕೆಡವಿದಾಗ ನೀವು ಓಗಿದ್ರಂತಲ್ಲ. ನಿಜ ಏಳಿ. ಬೀಳ್ತಿತ್ತಾ ಅದು? ಇಲ್ಲಾ ಮೇಸ್ತ್ರಿ ಏಳಿದ್ದೇ ಸರಿನಾ? ಅವಳು ಇವತ್ತಿಗೂ ನನ್ ಮುಖ ನೋಡಿ ಮಾತಾಡಲ್ಲ. ಸುಮ್‌ಸುಮ್ನೆ ಅವಳ ತವರು ಕಳೆದ್ಬಿಟ್ನಾ ಅಂತ ಒಂದೇ ಎದ್ರಿಕೆ."

"ಬೀಳ್ತಿತ್ತು ಮುನಿರಾಜಣ್ಣ. ನಾನೇ ಕಣ್ಣಾರೆ ಕಂಡೆ, ಒಳಗೆಲ್ಲ ಪುಡಿ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. "ಅಂಗಾದ್ರೆ ಸರಿ" ಎಂದು ಬಸ್ಸು ಹತ್ತಿ, ಕಿಟಕಿಯಿಂದ ಒಂದು ಸಲ ಕೈ ಎತ್ತಿದರು. ಬಸ್ಸು ತಿರುವು ದಾಟಿತು. ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಆ ಹೆದರಿಕೆ ಅವರನ್ನು ಬಿಟ್ಟಿತೋ ಇಲ್ಲವೋ ನಾನರಿಯೆ. ನನ್ನನ್ನಂತೂ ಅವತ್ತೇ ಹಿಡಿದುಕೊಂಡಿತು.