ಗಾದಿಲಿಂಗಪ್ಪನ ಪಕ್ಕದ ಸೀಟು

ಯಶವಂತನಗರದಿಂದ ಗಣಿಗೆ ಹೋಗುವ ಕಂಪನಿ ಬಸ್ಸು ಬೆಳಿಗ್ಗೆ ಕಾಲಿಡಲು ಜಾಗವಿಲ್ಲದಂತೆ ತುಂಬುತ್ತಿತ್ತು. ಗಾದಿಲಿಂಗಪ್ಪನ ಪಕ್ಕದ ಸೀಟು ಮಾತ್ರ ಖಾಲಿ. ಮೇಸ್ತ್ರಿಗೆ ಜನ ಕೊಡುವ ಮರ್ಯಾದೆ ಇದು ಎಂದುಕೊಂಡು ಅವನು ಮೀಸೆ ತಿರುವಿ, ಆ ಸೀಟಿನ ಮೇಲೆ ಬುತ್ತಿಗಂಟು ಇಟ್ಟು ಕೂರುತ್ತಿದ್ದ. ಪಾಪ, ಅವನಿಗೆ ಯಾರು ಹೇಳಬೇಕು?

ಅವನು ಮೇಸ್ತ್ರಿಯಾಗುವ ಮೊದಲಿನ ಮಾತು. ಸಂಡೂರಿನ ಗುಡ್ಡಗಳಲ್ಲಿ ಆಗಿನ್ನೂ ಅದಿರನ್ನು ಸುತ್ತಿಗೆಯಿಂದ ಒಡೆಯುತ್ತಿದ್ದರು. ಒಮ್ಮೆ ಅವನು ಬೀಸಿದ ಏಟಿಗೆ ಸುತ್ತಿಗೆಯ ಅಂಚೇ ಸಿಡಿದು, ಉಕ್ಕಿನ ಚೂರೊಂದು ಮೂಗಿನ ಪಕ್ಕಕ್ಕೆ ಬಡಿಯಿತು. ಜೊತೆಗಾರ ಉಜ್ಜಿನಪ್ಪ ಒಂದು ಹಿಡಿ ಅದಿರುಪುಡಿಯನ್ನು ಗಾಯಕ್ಕೆ ಒತ್ತಿ ಹಿಡಿದ. ಅವರ ಗ್ಯಾಂಗಿನಲ್ಲಿ ಅದೇ ಔಷಧ. ರಕ್ತ ನಿಂತಿತು, ಗಾಯವೂ ಮಾಯಿತು. ಚೂರು ಬಡಿದು ಎತ್ತಲೋ ಹಾರಿತು ಎಂದುಕೊಂಡರು. ಅದು ಕೆನ್ನೆಯೆಲುಬಿನ ಒಳಗಿನ ಪೊಳ್ಳಿನಲ್ಲಿ ಹೋಗಿ ಕೂತಿತ್ತು.

ಬರಬರುತ್ತಾ ಆ ಕಡೆಯ ಮೂಗು ಕಟ್ಟಿತು, ಸೋರತೊಡಗಿತು. ಸೀನಿದರೆ ಕೆಂಪಗೆ ಬೀಳುತ್ತಿತ್ತು. ಬೇರೆ ಊರಿನವನಾಗಿದ್ದರೆ ಹೆದರಿ ಡಾಕ್ಟರ ಹತ್ತಿರ ಓಡುತ್ತಿದ್ದ. ಇಲ್ಲಿ ಎಲ್ಲರ ಮೂಗೂ ಕೆಂಪು, ಕಫವೂ ಕೆಂಪು, ಬಟ್ಟೆ ಒಗೆದ ನೀರೂ ಕೆಂಪು. ರಕ್ತ ಯಾವುದು, ಧೂಳು ಯಾವುದು ಎಂದು ಬೇರೆ ಮಾಡಿ ನೋಡುವವರು ಯಾರೂ ಇರಲಿಲ್ಲ.

ನೋಡಿದವಳು ಹೆಂಡತಿ ಹುಸೇನಮ್ಮ. ಕಂಪ್ಲಿಯ ಕಾಲುವೆ ಬದಿಯ ಗದ್ದೆಗಳಲ್ಲಿ ಬೆಳೆದವಳು. ಕೆಂಧೂಳಿಗೆ ಅವಳ ಕಣ್ಣು ಇನ್ನೂ ಒಗ್ಗಿರಲಿಲ್ಲ.

"ದೊಡ್ಡ ದವಾಖಾನ್ಯಾಗ ಒಂದ್ಸಲ ತೋರಿಸ್ಕಂಡು ಬರ್ರಿ," ಎಂದಳು.

"ಗಣಿಯಾಗ ದುಡಿಯೋರ ಮೂಗಿನ್ಯಾಗ ಕೆಂಪು ಬರದೆ ಮಲ್ಲಿಗಿ ಹೂವು ಬರ್ತಾವೇನ?" ಎಂದು ಅವನು ನಕ್ಕುಬಿಟ್ಟ.

ಅವಳು ಮತ್ತೆ ಹೇಳಲಿಲ್ಲ. ಆದರೆ ಅಂದಿನಿಂದ ಅವನು ಕೆಲಸದಿಂದ ಬರುವ ಹೊತ್ತಿಗೆ ಕೆಂಡಕ್ಕೆ ಲೋಬಾನದ ಧೂಪ ಹಾಕಿ, ಇದ್ದ ಒಂದು ಕೋಣೆಯ ತುಂಬ ಹೊಗೆ ಎಬ್ಬಿಸತೊಡಗಿದಳು. ಆಮೇಲೆ ಅವನ ಪಕ್ಕದಲ್ಲೇ ಕೂತು ರೊಟ್ಟಿ ಬಡಿಸುತ್ತಿದ್ದಳು.

"ಇದೇನು ಮನಿಯೋ ದರ್ಗಾನೋ? ಹೊಗಿಗೆ ಕಣ್ಣು ಉರಿತಾವು!"

"ಪೀರಲ ದೇವ್ರಿಗೆ ಹರಕಿ ಹೊತ್ತೀನ್ರಿ. ಇರ್ಲಿ ಬಿಡ್ರಿ."

ಅವನು ದಿನವೂ ಬೈದ, ಅವಳು ದಿನವೂ ಹಾಕಿದಳು. ವರ್ಷಗಳು ಹೀಗೇ ಹೋದವು. ಹುಸೇನಮ್ಮನಿಗೆ ಕೆಮ್ಮು ಹತ್ತಿತು, ಕೆಮ್ಮು ದಮ್ಮಿಗೆ ತಿರುಗಿತು. ಉಸಿರಿಗೆ ಒದ್ದಾಡುತ್ತಿದ್ದಾಗಲೂ ಸಂಜೆಯಾದರೆ ಕೆಂಡ ಕೆದಕಲು ಏಳುತ್ತಿದ್ದಳು. ಒಂದು ಚಳಿಗಾಲ ಅವಳಿಗೆ ಏಳಲಾಗಲಿಲ್ಲ. ಆ ವಾರವೇ ತೀರಿಕೊಂಡಳು.

ಮರುವರ್ಷ ಗಾದಿಲಿಂಗಪ್ಪನ ಕೆನ್ನೆ ಊದಿ ಕಣ್ಣು ಮುಚ್ಚಿಹೋಯಿತು. ಉಜ್ಜಿನಪ್ಪನೇ ಅವನನ್ನು ಬಳ್ಳಾರಿಗೆ ಕರೆದುಕೊಂಡು ಹೋದ. ಎಕ್ಸರೇಯಲ್ಲಿ ಚೂರು ಬೆಳ್ಳಗೆ ಕಂಡಿತು. ಆಪರೇಷನ್ ಮಾಡಿ, ಜೋಳದ ಕಾಳಿನಷ್ಟಿದ್ದ ಅದನ್ನು ತೆಗೆದು ಡಾಕ್ಟರು ತಟ್ಟೆಯಲ್ಲಿಟ್ಟು ತೋರಿಸಿದರು.

"ಇಷ್ಟು ವರ್ಷ ಈ ನಾತ ಹೆಂಗ್ರೀ ತಡಕಂಡ್ರಿ?"

"ಯಾವ ನಾತ್ರಿ?"

"ನಿಮಗ ವಾಸನಿನೇ ತಿಳೀದಂಗ ಆಗಿರ್ತೈತಿ ಬಿಡ್ರಿ. ಒಳಗೆಲ್ಲ ಕೀವು ತುಂಬಿತ್ತು. ಹತ್ರ ಇದ್ದೋರಿಗೆ ಭಾಳ ಕಷ್ಟ ಆಗಿರ್ಬೇಕು. ಮನ್ಯಾಗ ಯಾರೂ ಹೇಳಲಿಲ್ಲೇನು?"

ಲೋಬಾನದ ಗುಟ್ಟು ಗಾದಿಲಿಂಗಪ್ಪನಿಗೆ ಈಗ ಅರ್ಥವಾಯಿತು. ಹರಕೆಯೂ ಇರಲಿಲ್ಲ, ಪೀರಲ ದೇವರೂ ಕೇಳಿರಲಿಲ್ಲ. ಅವನ ಮನಸ್ಸು ನೋಯದಿರಲೆಂದು ಹೆಂಡತಿ ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಳು. ಆ ಹೊಗೆಯೇ ಅವಳನ್ನು ತಿಂದಿತೆಂದು ಯಾವ ಡಾಕ್ಟರೂ ಹೇಳಲಿಲ್ಲ, ಅವನೇ ಹೇಳಿಕೊಂಡ.

ಗಾಯ ಮಾಯ್ದ ಮೇಲೆ ಕೆಲಸಕ್ಕೆ ಹೊರಟ. ಕಂಪನಿ ಬಸ್ಸು ಎಂದಿನಂತೆ ತುಂಬಿತ್ತು. ಉಜ್ಜಿನಪ್ಪ ಪಕ್ಕದ ಸೀಟಿನ ಮೇಲಿದ್ದ ಬುತ್ತಿಗಂಟನ್ನು ಎತ್ತಿ ಅವನ ತೊಡೆಯ ಮೇಲಿಟ್ಟು, "ಸರಿಯಲೇ, ಕುಂದ್ರಾಕ ಜಾಗ ಬಿಡು," ಎಂದು ಪಕ್ಕದಲ್ಲಿ ಕೂತ. ಭುಜಕ್ಕೆ ಭುಜ ತಾಗಿತು. ಗಾದಿಲಿಂಗಪ್ಪ ಕಿಟಕಿಯ ಕಡೆ ತಿರುಗಿ ಬಿಕ್ಕಳಿಸಿದ.

"ಯಾಕಲೇ, ನೋಯ್ತೈತೇನ?"

"ಆಕಿ ಒಬ್ಬಾಕಿನೇ ಕುಂದ್ರುತಿದ್ಲಲೇ ನನ್ನ ಪಕ್ಕಕ್ಕ," ಎಂದ ಗಾದಿಲಿಂಗಪ್ಪ. "ನಾನು ದಿನಾ ಬೈತಿದ್ದೆ."