ಮಾವ ಐರ್ಲೆಂಡಿನಿಂದ ತಂದ ಧಾಟಿ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನನ್ನ ಸೋದರಮಾವ ಗಂಗೊಳ್ಳಿಗೆ ಮರಳಿದರು. ಮುಂಬಯಿಯಲ್ಲಿ ಹಡಗು ಹತ್ತಿ ಅಡುಗೆಯವರಾಗಿದ್ದವರು. ತಂದದ್ದು ಒಂದು ಉಣ್ಣೆಯ ಕೋಟು ಮತ್ತು ಒಂದು ಹಾಡಿನ ಧಾಟಿ. ನಾನಾಗ ವಾರಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದೆ. ಸಂಜೆ, ಹೊಳೆ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ.

ಹಡಗು ರಿಪೇರಿಗೆಂದು ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ಮೂರು ತಿಂಗಳು ನಿಂತಿತ್ತು. ಮಾವ ಒಬ್ಬ ವಿಧವೆ ಅಜ್ಜಿಯ ಮನೆಯಲ್ಲಿದ್ದರು. ಅಲ್ಲಿ ಜವುಗು ಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಒಲೆಗೆ ಹಾಕುತ್ತಾರಂತೆ.

"ಮಣ್ಣ್ ಸುಟ್ಟ್ ಅಡ್ಗಿ ಮಾಡುದಂಬ್ರಾ?" ಅತ್ತೆ ಒಳಗಿನಿಂದ ಕೇಳಿದ್ದರು. "ಹಡಗಂಗೆ ಹೋದೋರ್ ಹೇಳೂದೆಲ್ಲ ಹೀಂಗೇ."

ನೂರು ವರ್ಷದ ಹಿಂದೆ ಆಲೂಗಡ್ಡೆ ಕೊಳೆತು ಜನ ಹಸಿದು ಸಾಯುತ್ತಿದ್ದ ಕಾಲದಲ್ಲಿ ಆ ದೇಶದ ಬಂದರುಗಳಿಂದ ಧಾನ್ಯ ಇಂಗ್ಲೆಂಡಿಗೆ ಹೋಗುತ್ತಿತ್ತು. ಉಳಿದವರು ಅಮೆರಿಕದ ಹಡಗು ಹತ್ತಿದರು. ಹೊರಡುವವನು ಎದುರಿಗೇ ಕೂತಿದ್ದರೂ ಮನೆಯವರು ಸತ್ತವನಿಗೆ ಮಾಡುವಂತೆ ಜಾಗರಣೆ ಮಾಡಿ, ಪಿಟೀಲು ನುಡಿಸಿ, ಹಾಡಿ, ಕುಣಿದು, ಅಳುತ್ತಿದ್ದರು. ಅಂಥದೊಂದು ಹಾಡನ್ನು ಅಜ್ಜಿ ತನ್ನ ತಾಯಿಯಿಂದ ಕಲಿತಿದ್ದಳು. ಅವಳ ಮಕ್ಕಳೂ ಕಡಲು ದಾಟಿದ್ದರು, ಹಾಡು ಕಲಿಯದೆ. ನೀನಾದರೂ ತೆಗೆದುಕೊಂಡು ಹೋಗು ಎಂದು ಮಾವನಿಗೆ ಕಲಿಸಿದಳು. ಹಾಡಿನ ಮಾತು ಮಾವನಿಗೆ ಹತ್ತಲಿಲ್ಲ, ಧಾಟಿ ಹತ್ತಿತು.

ಅವರು ಮೆಲ್ಲಗೆ ಗುನುಗುವಾಗ ಎದುರಿನ ನೀರು, ಆಚೆ ದಡದ ತೆಂಗು, ಮರಳುವ ದೋಣಿಗಳು ಸ್ವಲ್ಪ ದೂರ ಸರಿದಂತೆ ಕಾಣುತ್ತಿದ್ದವು. ಯಾವ ದಡ ಯಾವ ದೇಶದ್ದೆಂಬುದು ಆ ಹೊತ್ತಿಗೆ ಮುಖ್ಯವಾಗುತ್ತಿರಲಿಲ್ಲ.

"ಧಾಟಿ ನಡೂಗೆ ಒಂಚೂರ್ ಜಾರ್ತಾ ಇತ್ತ್," ಎಂದರು ಒಂದು ದಿನ. "ನಾ ಮರ್ತ್ರೆ ಅಲ್ಲಿಗ್ ಮುಗೀತಲ್ದಾ?"

ನನ್ನ ಪುಸ್ತಕದಲ್ಲಿ ಎಲ್ಲವೂ ಇತ್ತು, ಧಾಟಿಯೊಂದನ್ನು ಬಿಟ್ಟು. ನನಗೆ ಸ್ವರ ಬರೆಯಲು ಬಾರದು. ಹಾಗಾಗಿ ಮಳೆಗೆ ಮುಂಚೆ ಕುಂದಾಪುರಕ್ಕೆ ದೋಣಿಯಲ್ಲಿ ದಾಟಿ, ಬಸ್ಸು ಹಿಡಿದು, ಮಾಬುಕಳದಲ್ಲಿ ಮತ್ತೆ ಹೊಳೆ ದಾಟಿ, ಬ್ರಹ್ಮಾವರದ ಹತ್ತಿರ ಒಬ್ಬ ಯಕ್ಷಗಾನ ಭಾಗವತರ ಮನೆಗೆ ಹೋದೆವು. ಮೇಳದ ತಿರುಗಾಟ ಮುಗಿಸಿ ಮನೆಯಲ್ಲಿದ್ದರು. ಕಣ್ಣು ಮುಚ್ಚಿ ಮೂರು ಸಲ ಕೇಳಿದರು.

"ಹ್ವಾಯ್, ಇದ್ ಕಡೀಗೆ ಷಡ್ಜಕ್ಕೆ ಬತ್ತೇ ಇಲ್ಯಲೆ. ಹೊರ್ಗೇ ನಿಂತಿತ್ತ್."

"ಅದ್ ಹಾಂಗೇ," ಎಂದರು ಮಾವ.

"ಹಾಂಗೆ ಎಂತದ್? ಕಡಿ ಸಾಲ್ ನೀವ್ ಮರ್ತದ್ದ್. ಸೌಟ್ ಹಿಡ್ದೋರಿಗೆ ಸ್ವರ ಎಲ್ ನೆನ್ಪಿರತ್ತ್?"

ಮಾವ ನಕ್ಕರು. ನಮ್ಮ ಕಡೆ ಭಾಗವತರು ತಿದ್ದಿದ್ದನ್ನು ಯಾರೂ ಮರಳಿ ತಿದ್ದುವುದಿಲ್ಲ. ಅವರು ತೊಡೆಯ ಮೇಲೆ ತಾಳ ಹಾಕಿ, ಜಾರಿದ ಜಾಗ ಜೋಡಿಸಿ, ಕಡೆಗೊಂದು ಸಾಲು ಸೇರಿಸಿ ಹಾಡನ್ನು ಆಧಾರ ಸ್ವರವಾದ ಷಡ್ಜದಲ್ಲಿ ಕೂರಿಸಿದರು. ಚೆನ್ನಾಗಿತ್ತು. ಮಾವನ ಬಾಯಿಗೆ ಬರುವ ತನಕ ಜತೆಯಲ್ಲೇ ಹೇಳಿಸಿದರು.

ಮರಳುವಾಗ ಮಾಬುಕಳದ ದೋಣಿಯಲ್ಲಿ ಮಾವ ಗುನುಗಿದರು, ನಿಲ್ಲಿಸಿದರು, ಮತ್ತೆ ಶುರು ಮಾಡಿದರು.

"ಅಜ್ಜಿದ್ ಬತ್ತಿಲ್ಲ. ಇವರ್ದೇ ಬತ್ತ್. ನೀ ಕೇಂಡಿದ್ಯಲ, ಹೇಳ್ ಕಾಂಬ."

ಎರಡು ವಾರ ದಿನಾ ಕೇಳಿದ್ದೆ. ನನ್ನ ಬಾಯಿಂದ ಬಂದದ್ದೂ ಭಾಗವತರದ್ದೇ. ಹೊಳೆ ತಿಳಿಯಾಗಿತ್ತು. ದೋಣಿ ನೂಕುವ ಜಲ್ಲೆ ನೀರಿಗಿಳಿದು ಏಳುತ್ತಿತ್ತು.

ಮಳೆ ಹಿಡಿದ ಮೇಲೆ ಮಾವ ಐರ್ಲೆಂಡಿನ ಅಜ್ಜಿಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಲು ನನಗೆ ಹೇಳಿದರು. ಎಲ್ಲರ ಕ್ಷೇಮ ಬರೆಸಿದ ಮೇಲೆ, "ಹಾಡ್ ಮುಟ್ಟಿತ್ತ್ ಅಂದ್ ಬರಿ," ಎಂದರು.

ನಾನು ಕಾಗದದಿಂದ ಲೇಖನಿ ಎತ್ತಿದೆ. "ಅಜ್ಜಿದ್ ಹಾಂಗೇ ಮುಟ್ಟಿಲ್ಯಲೆ ಮಾವ."

"ಅದ್ ನಿನ್ನ ಪೇಪರ್ ಅಲ್ಲ ಮಾರಾಯ. ಒಬ್ಳೇ ಇಪ್ಪೋಳ್. ಬರಿ."

ಹಾಡು ಗಂಗೊಳ್ಳಿಗೆ ಮುಟ್ಟಿದೆ ಎಂದು ಬರೆದೆ. ಮಾವ ಕಾಗದವನ್ನು ಪೂರ್ತಿ ಓದಿಸಿ ಕೇಳಿದರು. ಆಮೇಲೆ ಆ ಒಂದು ಸಾಲನ್ನು ಇನ್ನೊಮ್ಮೆ ಓದಿಸಿದರು.