ಲಿಯೋಟಾಳ ಬೇಲಿಗುಂಟದ ಕೋನ್‌ಫ್ಲವರ್

ಕ್ಯಾನ್ಸಸ್ಸಿನ ಒಂದು ಸಣ್ಣ ಊರಿನ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ಅಡುಗೆ ಮಾಡಿ ನಿವೃತ್ತಳಾದವಳು ಲಿಯೋಟಾ ಗ್ರೇಬಿಲ್. ಅವಳಿಗೆ ತನ್ನದೆಂದು ಅನ್ನಿಸುತ್ತಿದ್ದುದು ಬೇಲಿಗುಂಟ ನಿಂತ ಕೋನ್‌ಫ್ಲವರ್ ಗಿಡಗಳು ಮಾತ್ರ. ತಾಯಿ ಸತ್ತ ವರ್ಷ, ಅವರ ಹುಲ್ಲುಗಾವಲನ್ನು ಬೇರೆಯವರು ಉತ್ತು ಗೋಧಿ ಬಿತ್ತುವ ಮುನ್ನ, ಅಲ್ಲಿಂದ ಇವುಗಳ ಬೀಜ ಆರಿಸಿ ತಂದಿದ್ದಳು. ಮೊದಲ ಬೇಸಿಗೆಯಲ್ಲಿ ನೀರು ಹೊತ್ತು ಹಾಕಿದಳು. ಮೂರನೆಯ ವರ್ಷ ನೇರಳೆಗೆಂಪು ಎಸಳುಗಳು ಜೋತುಬಿದ್ದ ಹೂಗಳು ಬಂದವು. ಆಮೇಲೆ ಗಿಡಗಳು ಏನನ್ನೂ ಕೇಳಲಿಲ್ಲ. ಗೊಬ್ಬರ ಹಾಕಿದರೆ ಕಾಂಡ ಮೆತ್ತಗಾಗಿ ಅಡ್ಡಬೀಳುತ್ತದೆಂದು ಅದನ್ನೂ ಹಾಕದೆ, ಬುಡದ ಗರಿಕೆ ಮಾತ್ರ ಕೂತು ಕೀಳುತ್ತಿದ್ದಳು.

ಹೆಂಡತಿ ಹೊರಹಾಕಿದ ಮೇಲೆ ತಮ್ಮ ವರ್ಜಿಲ್ ಬಂದು ಅವಳ ಹಿಂದಿನ ಕೋಣೆ ಸೇರಿದ. ಎರಡು ವಾರ ಅಂದವನು ನಾಲ್ಕು ವರ್ಷ ಉಳಿದ.

“ಕಳೆಗಿಡಕ್ಕೆ ಎಷ್ಟೊಂದು ಉಪಚಾರ!” ಎಂದು ಅಣಕಿಸುತ್ತಿದ್ದ.

“ಕಳೆಗಳಿಗೆಲ್ಲ ನಾನೇ ಗತಿ ಕಣೋ. ನಿನ್ನ ಸಾಕ್ತಿಲ್ವಾ?”

ಅವನು ಬಂದ ನಾಲ್ಕನೆಯ ವರ್ಷ ನೆಗಡಿಯ ಔಷಧಿಗೆಂದು ಆ ಗಿಡದ ಬೇರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಶನಿವಾರ ಶನಿವಾರ ಬೇರು ಕೊಳ್ಳುವವರ ಲಾರಿ ಊರಿಗೆ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಲಿಯೋಟಾ ಕಣ್ಣಿನ ಪೊರೆ ತೆಗೆಸಿಕೊಳ್ಳಲು ವಿಚಿಟಾದ ಮಗಳ ಮನೆಗೆ ಹೋಗಿ ಹತ್ತು ದಿನ ಇದ್ದು ಬಂದಳು. ಬಂದು ನೋಡಿದರೆ ಬೇಲಿಗುಂಟ ಬರೀ ಗುಂಡಿಗಳು.

ವರ್ಜಿಲ್ ಮೊಟ್ಟೆ ತಿನ್ನುತ್ತ ಕೂತಿದ್ದ.

“ಗಿಡ ಎಲ್ಲೋ?”

“ಮಾರ್ದೆ. ಪಿಕಪ್ಪಿಗೆ ಟೈರ್ ಬೇಕಿತ್ತು. ಯಾಕ್ ಹಂಗ್ ನೋಡ್ತೀಯ? ಬೇರಿನ ಚೂರು ಉಳಿದಿರತ್ತೆ, ಮತ್ತೆ ಚಿಗುರ್ತವೆ. ಅವಕ್ಕೆ ಏನೂ ಮಾಡೋದೇ ಬೇಡ ಅಂತ ನೀನೇ ಹೇಳ್ತಿದ್ಯಲ್ಲ.”

“ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

“ಕೇಳಿದ್ರೆ ಕೊಡ್ತಿದ್ಯಾ?”

ಲಿಯೋಟಾ ಒಳಹೋಗಿ ಅವನ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುರುಕಿ ತಂದು ಪಿಕಪ್ಪಿನೊಳಗೆ ಎಸೆದಳು. “ಹೊಸ ಟೈರ್ ಇದ್ಯಲ್ಲ, ಹೊರಡು.”

ಅವನು ಊರಾಚೆ ಒಂದು ಹಳೆಯ ಟ್ರೇಲರ್ ಮನೆಯಲ್ಲಿ ಬಿಡಾರ ಹೂಡಿ, ಸಿಕ್ಕವರಿಗೆಲ್ಲ ತನ್ನ ಗೋಳು ಹೇಳಿಕೊಂಡ. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಮೂವತ್ತು ವರ್ಷದ ಗೆಳತಿ ಆರ್ಲೀನ್ ಎಲ್ಲರಿಗೂ ಕೇಳುವಂತೆಯೇ ಕೇಳಿದಳು: “ಏನೇ ಲಿಯೋಟಾ, ಒಂದು ಹಿಡಿ ಹುಲ್ಲಿಗೋಸ್ಕರ ಒಡಹುಟ್ಟಿದವನನ್ನ ಬೀದಿಗೆ ತಳ್ಳಿದ್ಯಂತೆ?”

“ಅದು ಹುಲ್ಲಲ್ಲ,” ಎಂದಳು ಲಿಯೋಟಾ. ಮೆಟ್ಟಿಲಿಳಿದು ಮನೆಯ ಕಡೆ ನಡೆದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ವರ್ಜಿಲನನ್ನು ಮೂರು ಮನೆಯವರು ಕರೆದರು. ಅವಳನ್ನು ಊರಲ್ಲಿ ಯಾರೂ ಕರೆಯಲಿಲ್ಲ.

ವಸಂತದಲ್ಲಿ ಗುಂಡಿಗಳಿಂದ ಒರಟೊರಟು ಎಲೆಗಳು ಎದ್ದವು. ಎರಡು ವರ್ಷಕ್ಕೆ ಹೂವೂ ಬಂತು. ಬೇಲಿಯ ಬಳಿ ಪಿಕಪ್ ನಿಲ್ಲಿಸಿದ ವರ್ಜಿಲ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ನೋಡಿದ್ಯಾ? ನಾನ್ ಹೇಳ್ಲಿಲ್ವಾ! ಇನ್ನೂ ಮುನಿಸೇನೇ?”

ಹೂವನ್ನು ಕಂಡ ಊರವರ ಮಾತೂ ಅದೇ ಆಗಿತ್ತು. ಗಿಡಗಳು ಸತ್ತೇಹೋಗಿದ್ದರೆ ಒಬ್ಬರಾದರೂ ತನ್ನ ಕಡೆ ನಿಲ್ಲುತ್ತಿದ್ದರೇನೋ ಎಂದು ಲಿಯೋಟಾಳಿಗೆ ಅನ್ನಿಸಿತು. ಅವನು ಇನ್ನೊಮ್ಮೆ ಹಾರ್ನ್ ಹೊಡೆದ. ಅವಳು ತಲೆ ಎತ್ತದೆ ಗರಿಕೆ ಕೀಳುತ್ತಲೇ ಇದ್ದಳು.